ಊಟದ ಹೊತ್ತಿನ ಗಂಟೆ

ಫ್ರಾನ್ಸಿನ ನಮ್ಮ ಹಳ್ಳಿ ಶಾಂಬ್ರೊಲ್‌ನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಸಾಯುವುದು ಕೂಡ ಮರ್ಯಾದಸ್ಥರ ಕೆಲಸವಲ್ಲ. ಆ ಹೊತ್ತು ಊಟದ್ದು. ಅಂಚೆಯವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಎಲ್ಲಿದ್ದಾನೋ ಅಲ್ಲೇ ಕೂರುತ್ತಾನೆ. ಟ್ರ್ಯಾಕ್ಟರು ಹೊಲದ ನಡುವೆ ನಿಂತುಬಿಡುತ್ತದೆ. ಬಿಳಿ ಹಸುಗಳು ಕೂಡ ಮರದ ನೆರಳು ಹುಡುಕಿಕೊಂಡು ಮಲಗುತ್ತವೆ. ಆಗ ಚೌಕದಲ್ಲಿ ಕೆಲಸ ಮಾಡುತ್ತಿರುವುದು ಎರಡೇ: ನನ್ನ ಕೆಫೆಯ ಒಲೆ ಮತ್ತು ಚರ್ಚಿನ ಗೋಪುರದ ತುದಿಯಲ್ಲಿ ಗಾಳಿಗೆ ತಿರುಗುವ ಕಬ್ಬಿಣದ ಕೋಳಿ.

ಆ ಚರ್ಚನ್ನು ಕಟ್ಟಿದವರು ಒಂಬೈನೂರು ವರ್ಷದ ಹಿಂದಿನ ಸನ್ಯಾಸಿಗಳು. ದಪ್ಪ ಕಂಬ, ದುಂಡು ಕಮಾನು, ಹಳದಿ ಕಲ್ಲು. ಮಠ ಯಾವತ್ತೋ ಹೋಯಿತು. ಸನ್ಯಾಸಿಗಳೂ ಹೋದರು. ಚರ್ಚು ಮಾತ್ರ ಊರಿನವರೆಲ್ಲ ಹಸುಗಳ ಸಮೇತ ಹೊಕ್ಕರೂ ಜಾಗ ಉಳಿಯುವಷ್ಟು ದೊಡ್ಡದಾಗಿ ನಮ್ಮ ಪಾಲಿಗೆ ಉಳಿಯಿತು. ಪಾದ್ರಿ ತಿಂಗಳಿಗೊಮ್ಮೆ ಬರುತ್ತಾರೆ, ಉಳಿದ ದಿನ ಅದಕ್ಕೆ ಬೀಗ. ಬಾಗಿಲಿನ ಮೇಲೆ ಒಂದು ಚೀಟಿ: 'ಬೀಗದ ಕೈ ನೀಲಿ ಕಿಟಕಿಯ ಪೆರಾಶೋನ್ ಮನೆಯಲ್ಲಿ ಸಿಗುತ್ತದೆ. ಹನ್ನೆರಡರಿಂದ ಎರಡರವರೆಗೆ ಸಿಗುವುದಿಲ್ಲ.'

ಆ ಬೀಗದ ಕೈ ಮೊಣಕೈಯಷ್ಟು ಉದ್ದ, ಕೈ ಜಾರಿ ಕಾಲ ಮೇಲೆ ಬಿದ್ದರೆ ಡಾಕ್ಟರೇ ಗತಿ. ಅದರ ಒಡೆಯ ಆನ್ಸೆಲ್ಮ್ ಪೆರಾಶೋನ್. ಮೊದಲು ರಸ್ತೆ ರಿಪೇರಿ ಮಾಡುತ್ತಿದ್ದವನು. ಅವನಮ್ಮನ ಕಾಲದಿಂದಲೂ ಬೀಗದ ಕೈ ಅವರ ಮನೆಯ ಮೊಳೆಯಲ್ಲೇ ತೂಗುತ್ತದೆ. ಒಮ್ಮೆ ನನ್ನ ಕೆಫೆಯ ಅಂಗಡಿಯಿಂದ ಉದ್ದನೆಯ ಬ್ರೆಡ್ಡು ಕೊಂಡುಹೋಗಿ, ಅದನ್ನು ಮೊಳೆಗೆ ಸಿಕ್ಕಿಸಿ, ಬೀಗದ ಕೈಯನ್ನು ಬ್ರೆಡ್ಡಿನ ಡಬ್ಬದಲ್ಲಿಟ್ಟ. ಆ ದಿನ ಬಂದ ಪ್ರವಾಸಿಗಳ ಕೈಗೆ ಗಂಭೀರವಾಗಿ ಬ್ರೆಡ್ಡು ಕೊಟ್ಟು, 'ನಿಧಾನವಾಗಿ ತಿರುಗಿಸಿ, ಹಳೇದು' ಅಂದನಂತೆ. ಅಂಥ ಮನುಷ್ಯ.

ಆದರೆ ಅವನನ್ನು ಬರೀ ಬೀಗ ತೆಗೆಯುವವನು ಅಂದವರು ಕೆಟ್ಟರು. ಅವನು 'ಸಂರಕ್ಷಕ'. ಹೆಂಡತಿ ಮೆಲಾನಿಯ ಕೈಯಲ್ಲಿ ಟೋಪಿಯ ಮೇಲೆ ಆ ಪದವನ್ನು ಹೊಲಿಸಿಕೊಂಡಿದ್ದ. ಚರ್ಚು ನೋಡಲು ಬಂದವರ ಬೆನ್ನಿಗೆ ಅಂಟಿಕೊಂಡು ವಿವರಣೆ ಕೊಡುತ್ತಿದ್ದ. ಮೆಟ್ಟಿಲಲ್ಲಿ ಎಡವಿ ಬಿದ್ದವರಿಗೆ, ಬಿದ್ದಮೇಲೆ, 'ಇಲ್ಲೊಂದು ಮೆಟ್ಟಿಲಿದೆ' ಎನ್ನುತ್ತಿದ್ದ. ಬಲಗಡೆಯ ಮೂರನೇ ಕಂಬದ ತಲೆಗಲ್ಲಾದ ಬೋದಿಗೆಯ ಮೇಲೆ, ಕತ್ತಲಲ್ಲಿ, ಒಬ್ಬ ಮನುಷ್ಯ ಕೂತ ಕೆತ್ತನೆಯಿದೆ. ಕೈಯಲ್ಲೇನೋ ಉದ್ದನೆಯದು. 'ಇವನು ಮಠದ ಅಡುಗೆಯವನು, ಕೈಯಲ್ಲಿರೋದು ಸೌಟು. ಸನ್ಯಾಸಿಗಳು ಚೆನ್ನಾಗಿ ತಿನ್ನೋರು' ಎಂದು ಅವನು ಹೇಳುತ್ತಿದ್ದ. ನಮ್ಮೂರಿನಲ್ಲಿ ಇದನ್ನು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ.

ಇಂಥ ನೆಮ್ಮದಿಗೆ ಕಲ್ಲು ಹಾಕಿದವನು ನಮ್ಮ ಮೇಯರ್ ಗ್ರಿಜಾರ್. ಅವನಿಗೆ ಯಂತ್ರದ ಹುಚ್ಚು. ಒಂದು ಸಂಜೆ ನನ್ನ ಕೆಫೆಯಲ್ಲಿ ಎಲ್ಲರ ಮುಂದೆ ಶುರುಮಾಡಿದ:

"ನೋಡ್ರಪ್ಪಾ, ಕಾಲ ಬದಲಾಗಿದೆ. ನನ್ನ ಕೊಟ್ಟಿಗೇಲಿ ಹಾಲು ಕರೆಯೋದೂ ಯಂತ್ರವೇ. ಚರ್ಚಿಗೂ ಒಂದು ಕರೆಂಟ್ ಬೀಗ ಹಾಕ್ಸೋಣ. ಬೆಳಗ್ಗೆ ತಾನೇ ತೆಕ್ಕೊಳ್ಳುತ್ತೆ, ಸಾಯಂಕಾಲ ತಾನೇ ಮುಚ್ಕೊಳ್ಳುತ್ತೆ. ಪ್ರಾಚೀನ ಕಟ್ಟಡದ ಅಧಿಕಾರಿಗಳು ಮಂಗಳವಾರ ಮೂರು ಗಂಟೆಗೆ ನೋಡೋಕೆ ಬರ್ತಾರೆ. ಅವರು ಹೂಂ ಅಂದ್ರೆ ಆಯ್ತು."

"ಹಾಗಾದ್ರೆ ಈ ಬೀಗದ ಕೈ?" ಆನ್ಸೆಲ್ಮ್ ಕೇಳಿದ.

"ಅದನ್ನ ಗಾಜಿನ ಪೆಟ್ಟಿಗೇಲಿಟ್ಟು ನನ್ನ ಕಚೇರಿ ಗೋಡೆಗೆ ಹಾಕ್ಸೋಣ. ಚೆಂದ ಕಾಣುತ್ತೆ."

"ನಾನು?"

ಆನ್ಸೆಲ್ಮ್‌ನನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕೆಂದು ಮೇಯರ್ ಯೋಚಿಸಿರಲಿಲ್ಲ. ಅವನು ಗ್ಲಾಸಿನ ತಳ ನೋಡಿದ. ಆನ್ಸೆಲ್ಮ್ ತನ್ನ ಟೋಪಿ ತೆಗೆದು ಅದರ ಮೇಲಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಏನೂ ಕುಡಿಯದೆ ಎದ್ದುಹೋದ. ಈ ಚೌಕದಲ್ಲಿ ಆ ಮನುಷ್ಯನಿಗೆ ಇರುವುದು ಅದೊಂದು ಕಬ್ಬಿಣ, ಅದನ್ನೂ ಕಿತ್ತುಕೊಂಡರೆ ಅವನು ಬೆಳಗ್ಗೆ ಎದ್ದು ಮಾಡುವುದಾದರೂ ಏನು?

ಮಾರನೆಯ ದಿನ ಮೆಲಾನಿ ಬ್ರೆಡ್ಡಿಗೆ ಬಂದವಳು ಕೌಂಟರಿಗೆ ಮೊಣಕೈಯೂರಿ ನಿಂತಳು.

"ರಾತ್ರಿಯೆಲ್ಲ ಭಾಷಣ ಕಣೇ ಸೊಲಾಂಜ್. ಅಧಿಕಾರಿ ಮುಂದೆ ಹೇಳ್ತಾರಂತೆ. 'ಮಾನ್ಯ ಮಹೋದಯರೇ, ಯಂತ್ರ ಏನು, ಮನುಷ್ಯ ಏನು' ಅಂತ ಶುರುವಾಗುತ್ತೆ. ಅಲ್ಲಿಗೆ ನಿಂತುಹೋಗುತ್ತೆ. ಮುಂದಿಂದು ಮರೆತುಬಿಡ್ತಾರೆ. ಮತ್ತೆ ಮೊದಲಿಂದ."

"ಅಧಿಕಾರಿ ಹ್ಯಾಗಿರ್ತಾರಂತೆ?"

"ದಪ್ಪಗಿರ್ತಾರಂತೆ. ಟೈ ಕಟ್ಟಿರ್ತಾರಂತೆ. ಕಪ್ಪು ಕಾರಂತೆ. ಯಾರೂ ಹೇಳಿಲ್ಲ, ಇವರೇ ತೀರ್ಮಾನ ಮಾಡ್ಕೊಂಡಿದಾರೆ."

ಮಂಗಳವಾರ ಬಂತು. ಆನ್ಸೆಲ್ಮ್ ಬೆಳಗ್ಗೆಯಿಂದ ಚರ್ಚಿನ ಮುಂದೆ ಗುಡಿಸಿ, ಬೂಟು ಉಜ್ಜಿ, ಮದುವೆಯ ಕೋಟನ್ನು ಬಿಸಿಲಿಗೆ ಹಾಕಿ, ಒಬ್ಬನೇ ತುಟಿ ಅಲ್ಲಾಡಿಸುತ್ತ ಓಡಾಡುತ್ತಿದ್ದ. ಮೆಲಾನಿ ನನ್ನ ಅಂಗಡಿಯಲ್ಲಿದ್ದ ಹೊತ್ತಿಗೆ, ಹನ್ನೆರಡಕ್ಕೆ ಇನ್ನೂ ಸ್ವಲ್ಪ ಸಮಯವಿರುವಾಗ, ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಂದು ನೀಲಿ ಕಿಟಕಿಯ ಮನೆಯ ಬಾಗಿಲು ತಟ್ಟಿದಳು. ಸಣ್ಣ ಆಳು, ಮಾಸಿದ ಮಳೆಕೋಟು, ನಡೆಯುವವರ ಬೂಟು. ಚರ್ಚು ನೋಡಬಹುದೇ ಎಂದಳು. ಮುಂದೆ ನಡೆದದ್ದೆಲ್ಲ ನಮಗೆ ಆಮೇಲೆ ಅವಳೇ ಹೇಳಿದ್ದು.

"ನೋಡ್ಬಹುದು. ಆದ್ರೆ ಹನ್ನೆರಡಕ್ಕೆ ಮುಚ್ತೀನಿ," ಎಂದ ಆನ್ಸೆಲ್ಮ್. "ಮತ್ತೆ ಇವತ್ತು ವಿವರಣೆ ಇಲ್ಲ. ಗಂಟಲು ಉಳಿಸ್ಕೋಬೇಕು. ಮೂರು ಗಂಟೆಗೆ ದೊಡ್ಡ ಮನುಷ್ಯರು ಬರ್ತಿದಾರೆ."

"ಹೌದಾ?" ಎಂದಳು ಆಕೆ.

"ನಿಮ್ಮಂಥೋರಿಗೆಲ್ಲ ಅದು ಅರ್ಥ ಆಗಲ್ಲ ಬಿಡಿ," ಎಂದು ಬಾಗಿಲು ತೆಗೆದುಕೊಟ್ಟು ಬೂಟಿಗೆ ಇನ್ನೊಂದು ಕೈ ಪಾಲಿಶ್ ಹಾಕಲು ಹೋದ.

ಆ ಸಣ್ಣ ಆಳೇ ಅಧಿಕಾರಿ, ಮದಾಂ ವೊಕ್ಲೆರ್. ಮೇಯರ್‌ನ ಜೊತೆ ಸುತ್ತುವ ಮೊದಲು ಸಾಮಾನ್ಯರ ಹಾಗೆ ಒಮ್ಮೆ ನೋಡೋಣವೆಂದು ಬೇಗ ಬಂದಿದ್ದಳು. ಬಲಿಪೀಠದ ಕೆಳಗೆ ಒಂದು ನೆಲಮಾಳಿಗೆಯಿದೆ. ಆಕೆ ಅಲ್ಲಿಗಿಳಿದು ಟಾರ್ಚು ಹಿಡಿದು ಗೋಡೆ ಮೂಸುತ್ತಿದ್ದಾಗ ಮೇಲೆ ಹನ್ನೆರಡಾಯಿತು. ಆನ್ಸೆಲ್ಮ್ ಬಂದ, ಸಣ್ಣ ಗಂಟೆಯನ್ನು ದಿನದಂತೆ ಹೊಡೆದ, ಬಾಗಿಲಲ್ಲಿ ನಿಂತು 'ಒಳಗೆ ಯಾರಾದ್ರೂ ಇದೀರಾ?' ಎಂದು ಕೂಗಿದ. ಈ ಪ್ರಶ್ನೆಯನ್ನು ಅವನು ದಿನಾ ಕೇಳುತ್ತಾನೆ. ಉತ್ತರಕ್ಕೆ ಕಾಯುವುದು ಅವನ ಕೆಲಸದಲ್ಲಿ ಸೇರಿಲ್ಲ. ಬೀಗ ತಿರುಗಿಸಿ, ಬೀಗದ ಕೈಯನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು, ಕರುವಿನ ತಲೆಮಾಂಸದ ಊಟಕ್ಕೆ ಹೋದ.

ಮಂಗಳವಾರದ ತಲೆಮಾಂಸವನ್ನು ಮೆಲಾನಿ ಚೆನ್ನಾಗಿ ಬೇಯಿಸುತ್ತಾಳೆ, ಅದರ ಜೊತೆಗಿನ ಬಿಳಿ ವೈನೂ ಚೆನ್ನಾಗಿರುತ್ತದೆ. ಊಟ ಮುಗಿಸಿ ಆನ್ಸೆಲ್ಮ್ ಹಿತ್ತಿಲ ದಾರಿಯಿಂದ ಹೊಳೆಯ ಹತ್ತಿರದ ಹಳೆಯ ಬಟ್ಟೆ ಒಗೆಯುವ ಕಟ್ಟೆಗೆ ಹೋದ. ಅಲ್ಲಿ ಈಗ ಯಾರೂ ಒಗೆಯುವುದಿಲ್ಲ, ಭಾಷಣ ಅಭ್ಯಾಸಕ್ಕೆ ಒಳ್ಳೆಯ ಜಾಗ. 'ಮಾನ್ಯ ಮಹೋದಯರೇ, ಯಂತ್ರ ಏನು, ಮನುಷ್ಯ ಏನು' ಅಂದ. ಮನುಷ್ಯ ಅಲ್ಲೇ ಕಟ್ಟೆಗೊರಗಿ ನಿದ್ದೆ ಹೋದ.

ಇತ್ತ ಚರ್ಚಿನೊಳಗೆ ಮದಾಂ ವೊಕ್ಲೆರ್ ಮೊದಲಿಗೆ ಏನೂ ಗೊತ್ತಾಗದೆ ತನ್ನ ಪಾಡಿಗೆ ನೋಡಿಕೊಂಡಿದ್ದಳು. ಆಮೇಲೆ ಹಸಿವಾಯಿತು. ಬಾಗಿಲ ಹತ್ತಿರ ಬಂದರೆ ಬೀಗ. ಕೂಗಿದಳು. ಒಂದು ಗೇಣು ದಪ್ಪದ ಬಾಗಿಲು, ಒಂದು ಮಾರು ದಪ್ಪದ ಗೋಡೆ. ಸನ್ಯಾಸಿಗಳು ಕಟ್ಟಿದ್ದೇ ಹೊರಗಿನ ಗದ್ದಲ ಒಳಗೆ, ಒಳಗಿನದು ಹೊರಗೆ ಹೋಗದಿರಲಿ ಅಂತ. ಸುತ್ತ ನೋಡಿದಾಗ ಗೋಪುರದ ಕೆಳಗೆ ಎರಡು ಹಗ್ಗ ಕಂಡವು. ಒಂದನ್ನು ಹಿಡಿದು ಜೋತುಬಿದ್ದಳು.

ನಮ್ಮೂರಿನಲ್ಲಿ ಹೆಂಗಸು ತೀರಿಕೊಂಡರೆ ಸಣ್ಣ ಗಂಟೆ, ಗಂಡಸು ತೀರಿಕೊಂಡರೆ ದೊಡ್ಡ ಗಂಟೆ. ಒಂದು ಪೆಟ್ಟು, ಅದರ ದನಿ ಪೂರ್ತಿ ಆರುವ ತನಕ ಬಿಡುವು, ಮತ್ತೆ ಒಂದು ಪೆಟ್ಟು. ಮದಾಂ ಹಿಡಿದದ್ದು ದೊಡ್ಡದರ ಹಗ್ಗ. ಅದರ ಭಾರಕ್ಕೆ ಆ ಸಣ್ಣ ಆಳು ಒಂದು ಪೆಟ್ಟು ಹೊಡೆದು ಉಸಿರು ತಿರುಗಿಸಿಕೊಂಡು ಇನ್ನೊಂದು ಹೊಡೆಯುವಷ್ಟರಲ್ಲಿ, ಬೇಕಾದಷ್ಟು ಬಿಡುವು ತಾನಾಗಿ ಬಂತು.

ನನ್ನ ಕೆಫೆಯಲ್ಲಿ ಎಲ್ಲರ ಫೋರ್ಕು ಗಾಳಿಯಲ್ಲೇ ನಿಂತಿತು. ನಾನು ರೇಡಿಯೋ ಆರಿಸಿದೆ.

"ಗಂಡಸು," ಎಂದ ಮೇಯರ್, ಬಾಯಲ್ಲಿ ಸಾಸೇಜು ಇಟ್ಟುಕೊಂಡೇ.

"ಒನೊರೆ ತಾತನೇ," ಎಂದೆ ನಾನು. ತಾತನಿಗೆ ತೊಂಬತ್ತು ದಾಟಿತ್ತು. ಚಳಿಗಾಲದಿಂದ ಹಾಸಿಗೆ ಹಿಡಿದಿದ್ದ. ಊರೆಲ್ಲ ಸ್ವಲ್ಪ ಸ್ವಲ್ಪವೇ ದುಃಖವನ್ನು ಸಿದ್ಧಮಾಡಿ ಇಟ್ಟುಕೊಂಡಿತ್ತು.

"ಕೇಳಿ, ಕೇಳಿ," ಎಂದ ಅಂಚೆಯವನು. "ಇವತ್ತು ಆನ್ಸೆಲ್ಮ್ ಹ್ಯಾಗೆ ಹೊಡೀತಿದಾನೆ ನೋಡಿ! ಯಾವಾಗ್ಲೂ ಬಸ್ಸು ತಪ್ಪೋ ಹಾಗೆ ಅವಸರ ಮಾಡ್ತಿದ್ದ. ಇವತ್ತು ಎಷ್ಟು ಭಾವ ತುಂಬಿ ಹೊಡೀತಿದಾನೆ!"

ನಿಜವಾಗಿ ಕರುಳು ಹಿಂಡುವಂತಿತ್ತು. ಪ್ರತಿ ಪೆಟ್ಟೂ ಇದೇ ಕೊನೆಯದೇನೋ ಅನ್ನಿಸುವಷ್ಟು ಸೋತು ಬರುತ್ತಿತ್ತು. ನಾನು ಒಲೆಯಿಂದ ಆಲೂಗಡ್ಡೆಯ ಪೈ ಇಳಿಸಿ ಬಟ್ಟೆ ಸುತ್ತಿ ಹೊರಟೆ. ಮೇಯರ್ ಕರವಸ್ತ್ರದಿಂದ ಬಾಯೊರೆಸಿಕೊಂಡು, ಅದೇ ಕರವಸ್ತ್ರವನ್ನು ಕಣ್ಣಿಗೂ ಹತ್ತಿರವಾಗಿ ಇಟ್ಟುಕೊಂಡ. ಓಣಿ ಓಣಿಯಿಂದ ಜನ ಬಂದರು. ಒಬ್ಬಳ ಕೈಯಲ್ಲಿ ಹ್ಯಾಮು, ಒಬ್ಬಳ ಕೈಯಲ್ಲಿ ಚೆರ್ರಿ ಹಾಕಿದ ಕೇಕು. ಊಟ ಬಿಟ್ಟು ಎದ್ದುಬಂದ ಜನ ಎಂದರೆ ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ.

ತಾತನ ಮಗಳು ಇರೆನ್ ಬಾಗಿಲು ತೆರೆದಳು. ನಾನು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಮೇಯರ್, "ಅವರು ಯಾವಾಗ್ಲೂ ನಮ್ಮ ಜೊತೆಗೇ ಇರ್ತಾರೆ ಇರೆನ್," ಎಂದ.

"ಇರ್ತಾರೆ ಅಲ್ಲ, ಇದಾರೆ," ಎಂದಳು ಇರೆನ್ ಗಾಬರಿಯಿಂದ. "ಒಳಗೆ ಮೊಲ ತಿಂತಿದಾರೆ."

ತಾತ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು, ಸಾಸಿವೆ ಹಾಕಿದ ಮೊಲದ ಕಾಲು ಚೀಪುತ್ತ, ಒಂದು ಕಿವಿಯನ್ನು ಗಂಟೆಯ ಕಡೆ ಇಟ್ಟುಕೊಂಡು ಕೂತಿದ್ದ. ನಮ್ಮನ್ನೂ ನಮ್ಮ ಕೈಯ ಪಾತ್ರೆಗಳನ್ನೂ ನೋಡಿದ.

"ಯಾರೋ ನನಗಿಂತ ಮುಂಚೆ ಹೋದ್ರು?" ಎಂದು ಗುಡುಗಿದ. "ಯಾರಿಗಪ್ಪಾ ಅಷ್ಟು ಅವಸರ? ಸರದಿ ಅನ್ನೋದು ಬೇಡ್ವಾ ಈ ಊರಲ್ಲಿ?"

"ನೀವೇ ಅಂದ್ಕೊಂಡ್ವಿ ತಾತ," ಎಂದೆ.

"ಅಂದ್ಕೋತೀರಿ, ಅಂದ್ಕೋತೀರಿ. ಆ ಪೈ ಇಲ್ಲಿಡು. ನನ್ನ ಸರದೀಲಿ ನೀವು ಬರ್ತೀರೋ ಬಿಡ್ತೀರೋ ಯಾರು ಕಂಡ್ರು, ಈಗಲೇ ತಿಂದುಬಿಡ್ತೀನಿ." ಎರಡು ತುಂಡು ತಿಂದು, ಕೋಲು ಹಿಡಿದು, ಸತ್ತವನು ಯಾರೆಂದು ತಿಳಿದೇ ತೀರುವೆನೆಂದು ಹೊರಟೂಬಿಟ್ಟ. ಚಳಿಗಾಲದಿಂದ ಹಾಸಿಗೆ ಬಿಟ್ಟಿರದವನು ಆ ದಿನ ಎಲ್ಲರಿಗಿಂತ ಮುಂದೆ ನಡೆದ.

ಚೌಕದಲ್ಲಿ ಮೆಲಾನಿ ಏಪ್ರನ್‌ನಲ್ಲಿ ಕೈಯೊರೆಸಿಕೊಳ್ಳುತ್ತ ನಿಂತಿದ್ದಳು.

"ಯಾರ್ರೀ ಹೋಗಿದ್ದು? ಇವರಿಗೆ ಯಾರು ಬಂದು ಹೇಳಿದ್ರು? ಊಟ ಮಾಡಿ ಹಿತ್ತಿಲ ಬಾಗಿಲಿಂದ ಹೋದೋರು ಇನ್ನೂ ಬಂದಿಲ್ಲ."

"ಒಳಗೆ ಗಂಟೆ ಹೊಡೀತಿದಾನಲ್ಲ," ಎಂದ ಮೇಯರ್. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದ. ಬೀಗ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಬೀಗಕ್ಕೆ ಒಳಗಡೆಯಿಂದ ಬೀಗದ ಕೈ ಹಾಕುವ ತೂತೇ ಇಲ್ಲ. ಹೊರಗಿನಿಂದ ಹಾಕಿದ ಬೀಗ, ಒಳಗೆ ಹೊಡೆಯುತ್ತಿರುವ ಗಂಟೆ.

ಮೇಯರ್ ಧೈರ್ಯ ತಂದುಕೊಂಡು ಮುಷ್ಟಿಯಿಂದ ಬಾಗಿಲು ಬಡಿದ. ಗಂಟೆ ತಟ್ಟನೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಯಾರೋ ಬಾಗಿಲನ್ನು ಧಡಧಡ ಗುದ್ದಿದರು.

ಆಮೇಲೆ ಏನಾಯಿತೆಂದು ಕೇಳಬೇಡಿ. ನಾವು ಅಲ್ಲಿ ಇದ್ದರೆ ತಾನೆ? ನಡುಮಧ್ಯಾಹ್ನದ ಬಿಸಿಲಲ್ಲಿ, ಊರಿನ ಗಣ್ಯರೆಲ್ಲ, ಮುಂದೆ ಮೇಯರ್, ಅವನ ಹಿಂದೆ ಹ್ಯಾಮು, ಕೇಕು, ಎಲ್ಲರೂ ನನ್ನ ಕೆಫೆಯೊಳಗೆ ನುಗ್ಗಿದೆವು. ಒನೊರೆ ತಾತ ಕೋಲಿಲ್ಲದೆ ಓಡಿ ಬಂದಿದ್ದ. ಬಾಗಿಲು ಹಾಕಿಕೊಂಡ ಮೇಲೆ ಗಂಟೆ ಮತ್ತೆ ಶುರುವಾಯಿತು, ಮೊದಲಿಗಿಂತ ದುಃಖದಿಂದ.

ತಾತ ಒಂದು ಗ್ಲಾಸು ವೈನು ಇಳಿಸಿ ಬಾಯಿ ಬಿಟ್ಟ. "ನಮ್ಮಜ್ಜ ಹೇಳ್ತಿದ್ದ. ಊರಲ್ಲಿ ಯಾರು ಸತ್ರೂ ಗಂಟೆ ಹೊಡೆಯೋನು ಹೊಡೀತಾನೆ. ಗಂಟೆ ಹೊಡೆಯೋನೇ ಸತ್ರೆ? ಅವನಿಗೆ ಯಾರು ಹೊಡೀಬೇಕು? ಗಂಟೆ ತಾನೇ ಹೊಡ್ಕೊಳ್ಳುತ್ತೆ."

ಎಲ್ಲರ ಕಣ್ಣೂ ಮೆಲಾನಿಯ ಕಡೆ ತಿರುಗಿತು.

"ಏನ್ ಮಾತಾಡ್ತೀರಿ ತಾತ!" ಎಂದಳು ಅವಳು. "ಅವರು ಯಾವ ಅಂಗಿ ಹಾಕ್ಕೋಬೇಕು ಅಂತಾನೂ ನನ್ನ ಕೇಳ್ತಾರೆ. ನನ್ನ ಕೇಳದೆ ಸಾಯ್ತಾರಾ?" ಎಂದವಳೇ ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕುಸಿದು, ಏಪ್ರನ್ ಮುಖಕ್ಕೆ ಎತ್ತಿಕೊಂಡಳು. "ಊಟದಲ್ಲಿ ಒಂದು ಮಾತೂ ಆಡ್ಲಿಲ್ಲ ಕಣ್ರೀ. ಎರಡನೇ ಸಲ ಬಡಿಸ್ಕೊಂಡ್ರು, ಅಷ್ಟೇ. ಆ ಬೀಗದ ಚಿಂತೇಲೇ ಎದೆ ಒಡೆದುಕೊಂಡ್ರು!"

ಎರಡನೇ ಸಲ ಬಡಿಸಿಕೊಂಡವನ ಎದೆ ಹೇಗೆ ಒಡೆಯಿತೆಂದು ಕೇಳುವ ಹೊತ್ತು ಅದಾಗಿರಲಿಲ್ಲ. ಹೆಂಗಸರೆಲ್ಲ ಅವಳನ್ನು ಸುತ್ತುವರಿದೆವು. ಹೊಳೆಯ ಕಡೆ ಹೋಗಿ ಹುಡುಕಬೇಕೆಂದು ಗಂಡಸರು ಒಪ್ಪಿಕೊಂಡರು. ಆದರೆ ಬರಿ ಹೊಟ್ಟೆಯಲ್ಲಿ ಹುಡುಕುವುದು ಹೇಗೆ? ಹ್ಯಾಮು ಕತ್ತರಿಸಿದೆ. ತಿನ್ನುತ್ತ ತಿನ್ನುತ್ತ ಎಲ್ಲರೂ ಆನ್ಸೆಲ್ಮ್‌ನ ಒಳ್ಳೆಯ ಗುಣಗಳನ್ನು ನೆನೆಯಲು ಪ್ರಯತ್ನಿಸಿದರು. ಮೊದಮೊದಲು ಕಷ್ಟವಾಯಿತು. ಅಂಚೆಯವನು, "ಅವನ ನಾಯಿ ನನ್ನನ್ನ ಕಚ್ಚಿದ್ದು ಒಂದೇ ಸಲ," ಎಂದ. ಇನ್ನೊಬ್ಬ, ಆನ್ಸೆಲ್ಮ್ ರಿಪೇರಿ ಮಾಡಿದ ರಸ್ತೆಯ ಹೊಂಡಗಳು ಉಳಿದವರ ಹೊಂಡಗಳಿಗಿಂತ ಚಿಕ್ಕವೆಂದ.

ಇಷ್ಟಾಗುವಾಗ ಮೇಯರ್‌ನ ಮನಸ್ಸು ಕರಗುತ್ತ ಬಂತು. ಅವನಿಗೆ ನಿಜವಾಗಿ ಅಳು ಬಂದಿತ್ತು, ಅದು ನನಗೆ ಗೊತ್ತು. ಕೆಫೆಯ ಬಾಗಿಲು ತೆಗೆಸಿ, ಹೊರಗಿನ ಮೆಟ್ಟಿಲ ಮೇಲೆ ಚರ್ಚಿಗೆ ಮುಖ ಮಾಡಿ ನಿಂತ. ಊರಿಗೆ ಊರೇ ಚೌಕದಲ್ಲಿ ನೆರೆಯಿತು. ಗಂಟೆ ಬಿಡುವು ಕೊಟ್ಟಾಗಲೆಲ್ಲ ಅವನು ಒಂದೊಂದು ಮಾತು ಹೇಳಿದ.

"ಸ್ನೇಹಿತರೇ! ಅವನನ್ನ ಕೊಂದಿದ್ದು ನಾನು!"

ಢಣ್.

"ಯಂತ್ರ, ಯಂತ್ರ ಅಂತ ನಾನು ಹಾರಾಡಿದೆ. ಮಳೆಯಿರಲಿ ಹಿಮವಿರಲಿ, ಯಾರು ಬಂದು ತಟ್ಟಿದ್ರೂ ಎದ್ದು ಬಾಗಿಲು ತೆಗೀತಿದ್ದ ಕೈಯನ್ನ ನಾವು ಮರೆತ್ವಿ!"

ಢಣ್.

ಇದೇ ಹೊತ್ತಿಗೆ, ಕೂದಲು ಕೆದರಿ, ಕೆನ್ನೆಯ ಮೇಲೆ ಕಲ್ಲಿನ ಅಚ್ಚು ಮೂಡಿದ ಒಬ್ಬ ಮನುಷ್ಯ ಹೊಳೆಯ ಓಣಿಯಿಂದ ಬಂದು ಗುಂಪಿನ ಹಿಂದೆ ನಿಂತ. ತನ್ನ ಗಂಟೆಯನ್ನು ಬೇರೆ ಯಾರೋ ಹೊಡೆಯುತ್ತಿದ್ದಾರೆಂದು ಉರಿದುಬಿದ್ದು ಓಡಿಬಂದಿದ್ದ. ಆದರೆ ಇಷ್ಟು ಜನ ಅಳುವುದನ್ನು ಕಂಡು ಅವನ ಕೋಪ ಇಳಿಯಿತು. ಮುಂದೆ ನಿಂತಿದ್ದ ಒನೊರೆ ತಾತನ ಭುಜ ತಟ್ಟಿ ಪಿಸುಗುಟ್ಟಿದ:

"ಯಾರು ತಾತ?"

ತಾತನ ಕಣ್ಣು ಮಂಜು. ತಿರುಗಿಯೂ ನೋಡಲಿಲ್ಲ. "ಆನ್ಸೆಲ್ಮ್ ಪೆರಾಶೋನ್," ಎಂದ.

"ಅಯ್ಯೋ ದೇವರೇ!" ಎಂದು ಆ ಮನುಷ್ಯ ಟೋಪಿ ತೆಗೆದು ಎದೆಗೊತ್ತಿಕೊಂಡ. ಅರೆನಿದ್ದೆ, ಬಿಳಿ ವೈನು, ಎದುರಿಗೆ ಮೇಯರ್‌ನ ಕಣ್ಣೀರು. ಹೆಸರನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತಂತೆ, ಆದರೆ ಯೋಚಿಸುವುದಕ್ಕೆ ಭಾಷಣ ಬಿಡಲಿಲ್ಲವಂತೆ.

"ನಾನು ಮೇಯರ್ ಆಗಿರೋ ತನಕ," ಎಂದು ಗ್ರಿಜಾರ್ ಕೈಯೆತ್ತಿ ಕೂಗಿದ, "ಆ ಬೀಗದ ಕೈ ಪೆರಾಶೋನ್ ಮನೆಯ ಮೊಳೆ ಬಿಟ್ಟು ಕದಲಲ್ಲ! ಕರೆಂಟ್ ಬೀಗದ ಮಾತೆತ್ತಿದೋನು ಮೊದಲು ನನ್ನ ದಾಟಿ ಹೋಗ್ಬೇಕು! ನಿಮ್ಮೆಲ್ಲರ ಮುಂದೆ ಆಣೆ!"

ಜನ ಚಪ್ಪಾಳೆ ತಟ್ಟಿದರು. ಗುಂಪಿನ ಹಿಂದಿನ ಮನುಷ್ಯ ಎಲ್ಲರಿಗಿಂತ ಜೋರಾಗಿ ತಟ್ಟಿ, ಕಣ್ಣೊರೆಸಿಕೊಂಡು, "ಎಂಥ ಒಳ್ಳೇ ಮನುಷ್ಯ! ಬದುಕಿದ್ದಾಗ ನಾವು ಬೆಲೆ ಕೊಡಲಿಲ್ಲ!" ಎಂದು ಬಿಕ್ಕಿದ.

ಆ ಬಿಕ್ಕಿನ ದನಿ ಮೆಲಾನಿಗೆ ಗೊತ್ತಾಯಿತು. ಏಪ್ರನ್ ಕೆಳಗಿಳಿಸಿದಳು. ಗುಂಪನ್ನು ಸೀಳಿಕೊಂಡು ಹೋಗಿ, ಗಂಡನನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡು, ಆಮೇಲೆ ಟೋಪಿ ಕಸಿದು ಅದರಿಂದಲೇ ಬೆನ್ನಿಗೆ ಬಾರಿಸಿದಳು. "ಎಲ್ಲಿ ಹಾಳಾಗಿ ಹೋಗಿದ್ರಿ? ನಾನು ಕಪ್ಪು ಬಟ್ಟೆ ಎಲ್ಲಿದೆ ಅಂತ ಯೋಚ್ನೆ ಮಾಡ್ತಿದ್ದೆ!"

"ನಾನೇನು ಮಾಡ್ದೆ?" ಎಂದ ಆನ್ಸೆಲ್ಮ್. ಆಮೇಲೆ ಅವನ ಮುಖದ ಮೇಲೆ ನಿಧಾನವಾಗಿ ಬೆಳಕು ಮೂಡಿತು. "ಅಂದ್ರೆ... ಮೇಯರ್ ಹೇಳಿದ್ದೆಲ್ಲ ನನ್ನ ಬಗ್ಗೆನಾ?"

ಮೇಯರ್ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದ.

ಢಣ್, ಎಂದಿತು ಗಂಟೆ.

"ಹಾಗಾದ್ರೆ ಒಳಗೆ ಯಾರು?" ಎಂದೆ ನಾನು.

ಆನ್ಸೆಲ್ಮ್ ಕೋಟಿನೊಳಗಿಂದ ಬೀಗದ ಕೈ ಎಳೆದ. ಅವನು ಮುಂದೆ, ನಾವು ಸಾಕಷ್ಟು ಹಿಂದೆ. ಬೀಗ ಕಿರುಗುಟ್ಟಿ ಬಾಗಿಲು ತೆರೆದಾಗ, ಹಗ್ಗಕ್ಕೆ ಜೋತು, ಮಳೆಕೋಟಿನ ಮೇಲೆಲ್ಲ ಪಾರಿವಾಳದ ಧೂಳು ಬಿದ್ದ ಆ ಸಣ್ಣ ಆಳು ಕಂಡಳು.

"ನೀವಾ!" ಎಂದು ಆನ್ಸೆಲ್ಮ್ ಕಿರುಚಿದ. "ನನ್ನ ದೊಡ್ಡ ಗಂಟೆ ಮುಟ್ಟೋಕೆ ನಿಮಗೆ ಯಾರು ಹೇಳಿದ್ರು? ಊರನ್ನೇ ಎಬ್ಬಿಸಿ, ನನ್ನನ್ನೇ ಸಾಯಿಸಿ! ಹೋಗಿ, ಹೋಗಿ, ಬಟ್ಟೆ ಕೊಡವ್ಕೊಂಡು ಬೇಗ ಹೊರಡಿ. ಮೂರು ಗಂಟೆಗೆ ಅಧಿಕಾರಿಗಳು ಬರ್ತಾರೆ. ನಿಮ್ಮನ್ನ ಈ ಅವತಾರದಲ್ಲಿ ನೋಡಿದ್ರೆ ಚರ್ಚಿನ ಮಾನ ಏನಾಗ್ಬೇಕು?"

"ಅವರು ಆಗಲೇ ಬಂದಾಯ್ತು," ಎಂದಳು ಆಕೆ, ಅಂಗೈ ನೋಡಿಕೊಳ್ಳುತ್ತ. "ಹನ್ನೆರಡಕ್ಕೆ ಮುಂಚೇನೇ. ನಾನೇ ವೊಕ್ಲೆರ್."

ಚೌಕದಲ್ಲಿ ಕಬ್ಬಿಣದ ಕೋಳಿ ತಿರುಗುವ ಸದ್ದು ಕೇಳಿಸಿತು. ಆನ್ಸೆಲ್ಮ್ ಒಮ್ಮೆ ಆಕೆಯನ್ನು, ಒಮ್ಮೆ ರಸ್ತೆಯಲ್ಲಿ ಬರಬೇಕಾಗಿದ್ದ ಕಪ್ಪು ಕಾರನ್ನು ನೋಡಿದ. ಕಾರು ಬರಲಿಲ್ಲ. ಅವನ ಬಾಯಿ ತಾನಾಗಿ ತೆರೆಯಿತು.

"ಮಾನ್ಯ ಮಹೋದಯರೇ," ಎಂದ. "ಯಂತ್ರ ಏನು, ಮನುಷ್ಯ ಏನು..."

"ಮೊದಲು ಊಟ," ಎಂದಳು ಮದಾಂ. "ಬೈಯೋದು ಆಮೇಲೆ."

ನನ್ನ ಕೆಫೆಯ ಮೇಜುಗಳನ್ನು ಚೌಕಕ್ಕೆ ತಂದೆವು. ಸಾವಿನ ಮನೆಗೆಂದು ತಂದ ಹ್ಯಾಮು, ಪೈ, ಕೇಕುಗಳೆಲ್ಲ ಅವಳ ಮುಂದೆ. ಇರೆನ್ ಉಳಿದ ಮೊಲವನ್ನೂ ತಂದಳು. ಮದಾಂ ವೊಕ್ಲೆರ್ ಮಾತಿಲ್ಲದೆ ತಿಂದಳು. ಊರೆಲ್ಲ ಸುತ್ತ ನಿಂತು ಅವಳ ದವಡೆಯನ್ನೇ ನೋಡುತ್ತಿತ್ತು. ಅಂಚೆಯವನು ಮಾತ್ರ, "ನೀವು ಗಂಟೆ ಹೊಡೆದಿದ್ದು ಬಹಳ ಚೆನ್ನಾಗಿತ್ತು ಮದಾಂ, ನಮ್ಮವನಿಗಿಂತ," ಎಂದು ಆನ್ಸೆಲ್ಮ್‌ನ ಗಾಯಕ್ಕೆ ಉಪ್ಪು ಹಚ್ಚಿದ.

ಕಾಫಿ ಬಂದ ಮೇಲೆ ಆಕೆ ಕುರ್ಚಿಗೆ ಒರಗಿದಳು. "ಸರಿ, ಹೇಳಿ. ಯಂತ್ರ ಏನು, ಮನುಷ್ಯ ಏನು?"

ಆನ್ಸೆಲ್ಮ್ ಎದ್ದು ನಿಂತ. ಭಾಷಣ ಪೂರ್ತಿ ಮರೆತುಹೋಗಿತ್ತು. ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ತಪ್ಪಾಯ್ತು ಮದಾಂ. ಬೀಗ ಹಾಕಿದ್ದು ನಾನೇ. ಆದ್ರೆ ಯಂತ್ರ ಬೀಗ ಹಾಕಿದ್ರೆ ಬೆಳಗಿನ ತನಕ ತೆಗೀತಿರಲಿಲ್ಲ. ನಾನಾದ್ರೆ ಎರಡು ಗಂಟೆಗೆ ತೆಗೀತಿದ್ದೆ. ಎದ್ದಿದ್ರೆ. ಮತ್ತೆ... ಯಂತ್ರ ಸತ್ರೆ ಇಷ್ಟು ಜನ ಊಟ ಬಿಟ್ಟು ಬರ್ತಾರಾ?"

ಮೆಲಾನಿ ಅವನ ಕೋಟಿನ ಹಿಂದಿನ ಧೂಳನ್ನು ಕೊಡವಿದಳು, ಈ ಸಲ ಮೆತ್ತಗೆ.

ಮದಾಂ ವೊಕ್ಲೆರ್ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಮೇಜಿನ ಮೇಲೆ ತಲೆಯಿಟ್ಟುಕೊಂಡು. "ನನ್ನ ಕೆಲಸವೇ ಚರ್ಚು ನೋಡೋದು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಎಲ್ಲಿ ಹೋದ್ರೂ ಪಕ್ಕದಲ್ಲಿ ಯಾರಾದ್ರೂ ನಿಂತು ಮಾತಾಡ್ತಾನೇ ಇರ್ತಾರೆ. ನನ್ನನ್ನ ಒಬ್ಬಳನ್ನೇ ಒಳಗೆ ಬಿಟ್ಟೋರು ನೀವೇ ಮೊದಲು. ಒಂದು ಗಂಟೆಗೆ ಏನಾಯ್ತು ಗೊತ್ತಾ? ದಕ್ಷಿಣದ ಸಣ್ಣ ಕಿಟಕಿಯಿಂದ ಬಿಸಿಲು ಒಳಗೆ ಬಂತು. ಕಂಬದಿಂದ ಕಂಬಕ್ಕೆ ಸರಿದು, ಬಲಗಡೆ ಮೂರನೇ ಬೋದಿಗೆ ಮೇಲೆ ನಿಂತ್ಕೊಳ್ತು. ಕಲ್ಲು ಜೇನಿನ ಬಣ್ಣಕ್ಕೆ ತಿರುಗ್ತು. ನಾನು ಹಸಿವು ಮರೆತು ನೆಲದ ಮೇಲೆ ಮಲಗಿ ನೋಡಿದೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಟ್ಟಿದಾಗಿನಿಂದ ಈ ಚರ್ಚಿನ ನೆರಳಲ್ಲಿದ್ದೇವೆ. ಆ ಬಿಸಿಲನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ನಾವು ಊಟಕ್ಕೆ ಕೂತಿರುತ್ತೇವೆ.

"ಅದು ಮಠದ ಅಡುಗೆಯವನು," ಎಂದ ಆನ್ಸೆಲ್ಮ್, ತಡೆಯಲಾರದೆ. "ಕೈಯಲ್ಲಿರೋದು ಸೌಟು."

"ಅಲ್ಲ," ಎಂದಳು ಮದಾಂ. "ಬಾಗಿಲು ಕಾಯೋನು. ಕೈಯಲ್ಲಿರೋದು ಬೀಗದ ಕೈ. ಕಾಯ್ತಾ ಕಾಯ್ತಾ ಕೂತಲ್ಲೇ ನಿದ್ದೆ ಹೋಗಿದಾನೆ."

ಚೌಕವೆಲ್ಲ ಗೊಳ್ಳೆಂದಿತು. ಆನ್ಸೆಲ್ಮ್ ಕಿವಿಯವರೆಗೆ ಕೆಂಪಾದ. ಆದರೆ ಒಂಬೈನೂರು ವರ್ಷದಿಂದ ತನ್ನ ಹುದ್ದೆಗೆ ಕಲ್ಲಿನ ಸಾಕ್ಷಿಯಿದೆ ಎಂಬುದು ಹೊಳೆದ ಕೂಡಲೇ ಎದೆ ಸೆಟೆಸಿ ಟೋಪಿ ಸರಿಪಡಿಸಿಕೊಂಡ.

"ಕರೆಂಟ್ ಬೀಗ ಬೇಡ," ಎಂದಳು ಆಕೆ. "ಮೇಯರ್ ಸಾಹೇಬರು ಆಣೆ ಇಟ್ಟಿದ್ದನ್ನ ಆಗಲೇ ಯಾರೋ ನನಗೂ ಹೇಳಿದ್ರು." ಮೇಯರ್ ಕೆಮ್ಮಿದ. "ಆದ್ರೆ ಒಂದು ಮಾತು. ಒಂದು ಗಂಟೆಗೆ ಜನರನ್ನ ಒಳಗೆ ಬಿಡ್ಬೇಕು."

ಆನ್ಸೆಲ್ಮ್‌ನ ಮುಖದ ನಗು ಹೋಯಿತು. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ. "ಊಟದ ಹೊತ್ತಿಗೆ? ಹಾಗಾದ್ರೆ ಯಂತ್ರವೇ ಹಾಕ್ಕೊಳ್ಳಿ ಮದಾಂ."

ಅದಕ್ಕೆ ಇಡೀ ಊರು ಹೌದೆಂದು ತಲೆಯಾಡಿಸಿತು. ಮೇಯರ್ ಕೂಡ. ಮದಾಂ ವೊಕ್ಲೆರ್ ಬಹಳ ಹೊತ್ತು ವಾದಿಸಿದಳು. ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಕೊನೆಗೆ ದಾರಿ ತೋರಿಸಿದವಳು ಮೆಲಾನಿ: "ನಿಮಗೆ ಮಾಡಿದ ಹಾಗೇ ಮಾಡಿದ್ರೆ ಆಯ್ತಪ್ಪ. ನೋಡ್ಬೇಕು ಅನ್ನೋರನ್ನ ಹನ್ನೆರಡಕ್ಕೆ ಒಳಗೆ ಬಿಟ್ಟು ಬೀಗ ಹಾಕೋದು, ಎರಡಕ್ಕೆ ತೆಗೆಯೋದು."

ಹಾಗೆಯೇ ಆಯಿತು. ಬಾಗಿಲಿನ ಚೀಟಿ ಬದಲಾಯಿತು. ಬಿಸಿಲು ನೋಡುವವರು ನನ್ನ ಅಂಗಡಿಯಲ್ಲಿ ಬ್ರೆಡ್ಡು ಚೀಸು ಕೊಂಡು ಒಳಗೆ ಹೋಗುತ್ತಾರೆ, ಹೊರಗೆ ಆನ್ಸೆಲ್ಮ್ ಬೀಗ ಹಾಕುತ್ತಾನೆ. ಹೊರಗೆ ಬರಲು ಅವಸರವಾದರೆ ಸಣ್ಣ ಗಂಟೆ ಎಳೆಯಬೇಕೆಂದು ಅವನು ಹೇಳಿರುತ್ತಾನೆ, ಅವರು ದೊಡ್ಡದನ್ನೇ ಎಳೆಯುತ್ತಾರೆ. ಮದಾಂ ಬರಿಯ ಒಂದು ಷರತ್ತು ಹಾಕಿದ್ದಳು: ನೋಡುವವರಿಲ್ಲದ ದಿನ ಬೀಗ ಹಾಕುವ ಮೊದಲು ನೆಲಮಾಳಿಗೆಗೆ ಇಳಿದು ನೋಡತಕ್ಕದ್ದು. ಆನ್ಸೆಲ್ಮ್ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾನೆ. ಮನೆಯಲ್ಲಿ ಮಾತ್ರ ಅವನನ್ನು ಸಹಿಸುವುದು ಕಷ್ಟವಾಯಿತು. ಮೆಲಾನಿ ಏನಾದರೂ ಅಂದರೆ, "ನಾನು ಎಂಥೋನು ಅಂತ ಮೇಯರನ್ನ ಕೇಳು," ಎನ್ನುತ್ತಾನೆ.

ಒನೊರೆ ತಾತ ಆ ದಿನದ ಓಟದ ಮೇಲೆ ಇನ್ನೆರಡು ಚಳಿಗಾಲ ಗಟ್ಟಿಯಾಗಿದ್ದ. ಆಮೇಲೆ ಒಂದು ಮಧ್ಯಾಹ್ನ ದೊಡ್ಡ ಗಂಟೆ ಹೊಡೆಯಿತು. ಒಂದು ಪೆಟ್ಟು, ಬಿಡುವು, ಇನ್ನೊಂದು ಪೆಟ್ಟು.

"ಯಾರೋ ಪ್ರವಾಸಿ. ಬಿಸಿಲು ಸಾಕಾಯ್ತೇನೋ," ಎಂದ ಮೇಯರ್, ಸೂಪು ಕುಡಿಯುತ್ತ.

"ಎರಡು ಗಂಟೆ ತನಕ ಕಾಯ್ಲಿ," ಎಂದೆ ನಾನು. ಯಾರೂ ಏಳಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ನಾವು ತಿನ್ನುತ್ತಲೇ ಇದ್ದೆವು.

ಕೊನೆಗೆ ಗಂಟೆ ನಿಂತು, ಚರ್ಚಿನ ಬಾಗಿಲು ಧಡಾರನೆ ತೆರೆಯಿತು. ಮೆಟ್ಟಿಲ ಮೇಲೆ ಆನ್ಸೆಲ್ಮ್. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಟೋಪಿ, ಕೆನ್ನೆಯ ಮೇಲೆ ಕಣ್ಣೀರು. ಚೌಕದ ಎಲ್ಲ ಕಿಟಕಿಗಳಿಗೂ ಕೇಳುವ ಹಾಗೆ ಕೂಗಿದ:

"ಒಳಗೆ ಯಾರೂ ಇಲ್ಲ ಕಣ್ರೋ! ಕೆಳಗೂ ಇಳಿದು ನೋಡಿದೀನಿ! ಈ ಸಲ ತಾತ ನಿಜವಾಗ್ಲೂ ಹೋಗಿದಾರೆ, ಪೈ ತಗೊಂಡು ಬನ್ನಿ!"